ಎದೆಯುರಿಯೆಂದು ಬರೆದ ಚೀಟಿ

ಕಮಲಾಪುರದ ಆ ಅಂಗಡಿಯ ಕಪಾಟಿನಲ್ಲಿ ಬಹುಕಾಲ ಒಂದೇ ಒಂದು ವೈದ್ಯಕೀಯ ಕಡತವಿತ್ತು. ನೀಲಿ ರಟ್ಟಿನ ಮೇಲೆ ಯಜಮಾನರ ಹೆಸರು. ಒಳಗೆ ತಾರೀಖಿನ ಕ್ರಮದಲ್ಲಿ ಜೋಡಿಸಿದ 11 ಇಸಿಜಿ ಪಟ್ಟಿಗಳು, ರಕ್ತಪರೀಕ್ಷೆಯ ವರದಿಗಳು, ಹೈದರಾಬಾದಿನ ಒಂದು ಆ್ಯಂಜಿಯೋಗ್ರಾಮಿನ ಕಾಗದ. ಮನೆತನವು ಮೂರು ತಲೆಮಾರಿನಿಂದ ತೊಗರಿಯ ವ್ಯಾಪಾರದಲ್ಲಿದೆ. ಊರಿನಲ್ಲಿ ಕಿರಾಣಿ, ಕಲಬುರಗಿಯ ನೆಹರೂ ಗಂಜಿನಲ್ಲಿ ಅಡತಿ. ಕಾಗದ ಕಳೆಯುವ ಪದ್ಧತಿ ಆ ಮನೆಯಲ್ಲಿಲ್ಲ.

2014ರ ಬೇಸಿಗೆಯಲ್ಲಿ, ಕಲಬುರಗಿಯನ್ನು ಸರಕಾರಿ ಕಾಗದಗಳಲ್ಲಿ ಇನ್ನೂ ಗುಲ್ಬರ್ಗಾ ಎಂದೇ ಬರೆಯುತ್ತಿದ್ದಾಗ, ಯಜಮಾನರಿಗೆ ಒಂದು ರಾತ್ರಿ ಊಟವಾದ ಮೇಲೆ ಎದೆ ಹಿಡಿದಂತಾಯಿತು. ಅರ್ಧ ಗಂಟೆಯೊಳಗೆ ಕಾರು ಹೊರಟಿತು. ಹುಮನಾಬಾದ್, ಜಹೀರಾಬಾದ್ ದಾಟಿ ನಸುಕಿಗೆ ಹೈದರಾಬಾದ್ ಸೇರಿದರು. ಮರುದಿನ ರಕ್ತನಾಳಗಳೆಲ್ಲ ತೆರೆದಿವೆ, ಇದು ವಾಯುವಿನ ಬಾಧೆ ಎಂದು ವೈದ್ಯರು ತಿಳಿಸಿದರು. ಆ ರಾತ್ರಿ ಕಾರಿನ ಹಿಂದಿನ ಆಸನದಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಕುಳಿತವರು ಅವರ ಧರ್ಮಪತ್ನಿ. ಅಂದಿನಿಂದ ವರ್ಷಕ್ಕೊಮ್ಮೆ ತಪಾಸಣೆ ತಪ್ಪಲಿಲ್ಲ. ತಪಾಸಣೆಯ ತಾರೀಖನ್ನು ನೆನಪಿಸುತ್ತಿದ್ದವರೂ ಅವರೇ. ಅವರಿಗೆ ಮೂರು ಹೆರಿಗೆಗಳಾಗಿದ್ದವು. ಕಡೆಯ ಹೆರಿಗೆಯಲ್ಲಿ ರಕ್ತದೊತ್ತಡ ಏರಿ ಜೀವಕ್ಕೆ ಅಪಾಯವಾಗಿತ್ತು. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಅವರ ಹೆಸರಿನಲ್ಲಿ ಮಾತ್ರ ಕಡತವಿರಲಿಲ್ಲ, ಒಂದು ಇಸಿಜಿಯೂ ಇರಲಿಲ್ಲ.

2022ರ ದಶಲಕ್ಷಣ ಪರ್ವದ ನಡುವೆ, ಸುಗಂಧ ದಶಮಿಯಂದು, ಆ ತಾಯಿಗೆ ಉಪವಾಸ. ಸಂಜೆ ಅಟ್ಟದ ಮೇಲಿಂದ ಪಾತ್ರೆ ಇಳಿಸಿಕೊಂಡು ಬರುವಾಗ ಮೈಯೆಲ್ಲ ಬೆವರಿ, ಮೆಟ್ಟಿಲ ಮೇಲೆಯೇ ಕುಳಿತರು. ಎದೆಯಲ್ಲಿ ನೋವಿರಲಿಲ್ಲ. “ಬೆನ್ನಾಗ ಯಾರೋ ಕಲ್ಲು ಇಟ್ಟಂಗ ಆಗ್ಯಾದ. ದವಡಿ ಜಗ್ತದ,” ಎಂದರು. “ಉಪಾಸದಾಗ ಹಿಂಗ ಆಗ್ತದ ಅವ್ವಾ, ಪಿತ್ತ ಅದು,” ಎಂದ ಮಗ. ಹಾಗೆ ಹೇಳಿದ್ದು ನಿರ್ದಯೆಯಿಂದಲ್ಲ. ಶ್ರಾವಕ ಮನೆತನಗಳಲ್ಲಿ ಪರ್ವದ ದಿನಗಳಲ್ಲಿ ಹೆಂಗಸರ ತಲೆಸುತ್ತು, ಸಂಕಟ, ಆಯಾಸಗಳಿಗೆಲ್ಲ ಉಪವಾಸವೇ ಸಿದ್ಧವಾದ ಕಾರಣ. ಆ ಕಾರಣವು ಹೆಚ್ಚಿನ ವೇಳೆ ನಿಜವೂ ಆಗಿರುತ್ತದೆ. ಆದ್ದರಿಂದಲೇ ಅದು ಅಪಾಯಕರ.

ಊರಿನ ದವಾಖಾನೆಯಲ್ಲಿ ಆಮ್ಲಪಿತ್ತದ ಸೂಜಿಯೊಂದನ್ನು ಕೊಟ್ಟು ಕಳಿಸಿದರು. ಎರಡು ದಿನ ನೋವು ಬಂದು ಬಂದು ಹೋಯಿತು. ಮನೆಯಲ್ಲಿ ಅತಿಥಿಗಳು, ಗಂಜಿನಲ್ಲಿ ಬಾಕಿ ವಸೂಲಿಯ ಗಡಿಬಿಡಿ. ಮೂರನೆಯ ದಿನದ ಸಂಜೆ ಮಗಳು ಹಟ ಹಿಡಿದು ಕಲಬುರಗಿಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಅಲ್ಲಿಯ ವೈದ್ಯರು ಸಮಾಜದವರೇ. ಮನೆತನಕ್ಕೆ 20 ವರ್ಷಗಳ ಪರಿಚಿತರು. ಕಮಲಾಪುರದಿಂದ ಹೋದಾಗಲೆಲ್ಲ ಅವರಿಗೊಂದು ಚಿಪ್ಪು ಕೆಂಪು ಬಾಳೆಹಣ್ಣು ಒಯ್ಯುವ ರೂಢಿ, ಅಂದೂ ಒಯ್ದಿದ್ದರು.

ರಾತ್ರಿ 8 ಗಂಟೆ 40 ನಿಮಿಷಕ್ಕೆ ಸಹಾಯಕನೊಬ್ಬ ಇಸಿಜಿ ತೆಗೆದ. ವೈದ್ಯರ ಮುಂದೆ ಅನೇಕ ರೋಗಿಗಳಿದ್ದರು. ಪಟ್ಟಿಯ ಮೇಲೆ ಕಣ್ಣಾಡಿಸಿ, ವಯಸ್ಸಿಗೆ ತಕ್ಕ ಸಣ್ಣ ಬದಲಾವಣೆ, ಚಿಂತೆಯಿಲ್ಲ ಎಂದರು. ಮನೆಯ ಸುದ್ದಿ ವಿಚಾರಿಸಿದಾಗ, ಮಗಳ ಸಂಬಂಧವೊಂದು ನಿಶ್ಚಯವಾಗಿ ಮುರಿದುಬಿದ್ದ ಸಂಗತಿ ತಿಳಿಯಿತು. ಅಲ್ಲಿಗೆ ರೋಗನಿದಾನ ಮುಗಿಯಿತು. “ಮನಸ್ಸಿಗೆ ಹಚ್ಕೊಂಡೀರಿ ತಾಯಿ,” ಎಂದು, ಚೀಟಿಯಲ್ಲಿ ಎದೆಯುರಿ, ಆತಂಕ ಎಂದು ಬರೆದು, ನಿದ್ರೆಯ ಮಾತ್ರೆ ಸೇರಿಸಿ ಕೊಟ್ಟರು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯಾಗಲಿಲ್ಲ. ಇಸಿಜಿಯನ್ನು ಮತ್ತೊಮ್ಮೆ ತೆಗೆಯಲಿಲ್ಲ. ಹೆರಿಗೆಯ ಕಾಲದ ರಕ್ತದೊತ್ತಡವನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹೇಳಬೇಕಾದ ಸಂಗತಿಯೆಂದು ಅವರಿಗೆ ತಿಳಿದಿರಲಿಲ್ಲ.

ಅನಂತ ಚತುರ್ದಶಿಯ ನಸುಕಿನಲ್ಲಿ ಅವರು ಅಡುಗೆಮನೆಯ ಬಾಗಿಲಲ್ಲಿ ಕುಸಿದರು. ಮಹಾಗಾಂವ್ ಕ್ರಾಸ್ ದಾಟುವಾಗ ಉಸಿರು ಗೊರಗೊರ ಎನ್ನುತ್ತಿತ್ತು. ನಗರದ ಹೃದ್ರೋಗ ಆಸ್ಪತ್ರೆಯಲ್ಲಿ ಹೃದಯದ ಮುಂಭಾಗಕ್ಕೆ ರಕ್ತವೊಯ್ಯುವ ದೊಡ್ಡ ನಾಳವು ಸಂಪೂರ್ಣ ಮುಚ್ಚಿದ್ದುದು ಕಂಡಿತು. ಸ್ಟೆಂಟ್ ಹಾಕಿ ಜೀವ ಉಳಿಸಿದರು. ಆದರೆ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಆರೋಗ್ಯವಂತ ಹೃದಯವು ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರನೂಕುತ್ತದೆ. ಅವರದು 100ಕ್ಕೆ 32 ಮಾತ್ರ. ಅಲ್ಲಿಯ ತರುಣ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ಹಿಂದಿನ ಇಸಿಜಿ ಎಲ್ಲಿ ಎಂಬುದು. ಅದು ನರ್ಸಿಂಗ್ ಹೋಮಿನಲ್ಲಿಯೇ ಉಳಿದಿತ್ತು.

ಇಲ್ಲಿ ಕೊಂಚ ನಿಂತು, ಇಂತಹ ತಪ್ಪು ಕಮಲಾಪುರದ ದುರದೃಷ್ಟ ಮಾತ್ರವೇ ಎಂಬುದನ್ನು ವಿಚಾರಿಸಬೇಕು. ಎದೆಯನ್ನು ಎಡಗೈಯಿಂದ ಹಿಡಿದುಕೊಂಡು ಬೀಳುವ ಮಧ್ಯವಯಸ್ಸಿನ ಗಂಡಸು, ಇದು ವೈದ್ಯಶಾಸ್ತ್ರವು ಹಲವು ದಶಕಗಳ ಕಾಲ ಕಲಿಸಿದ ಹೃದಯಾಘಾತದ ಚಿತ್ರ. ಹೃದಯಾಘಾತ ತಡೆಯಲು ಆಸ್ಪಿರಿನ್ ಉಪಯುಕ್ತವೇ ಎಂದು ಅಮೆರಿಕದಲ್ಲಿ ನಡೆದು 1989ರಲ್ಲಿ ಅಂತಿಮ ವರದಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ 22,071 ವೈದ್ಯರು ಭಾಗವಹಿಸಿದ್ದರು. ಅವರಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. 1991ರಲ್ಲಿ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ ಎಂಬವರು ಈ ಪಕ್ಷಪಾತಕ್ಕೆ ‘ಯೆಂಟ್ಲ್ ಲಕ್ಷಣ’ ಎಂದು ಹೆಸರಿಟ್ಟರು. ಐಸಾಕ್ ಬಾಷೆವಿಸ್ ಸಿಂಗರನ ಕಥೆಯಲ್ಲಿ ಯೆಂಟ್ಲ್ ಎಂಬ ಯಹೂದಿ ಹುಡುಗಿ ಶಾಸ್ತ್ರ ಓದುವುದಕ್ಕಾಗಿ ಗಂಡುವೇಷ ತೊಡಬೇಕಾಗುತ್ತದೆ. ಹಾಗೆಯೇ ಹೆಣ್ಣು ತನಗೂ ಗಂಡಿನಂತಹುದೇ ಹೃದ್ರೋಗವಿದೆ ಎಂದು ರುಜುವಾತುಪಡಿಸಿದ ಮೇಲೆಯೇ ಆಕೆಗೆ ಗಂಡಿಗೆ ಸಲ್ಲುವ ಚಿಕಿತ್ಸೆ ದೊರೆಯುತ್ತದೆ ಎಂಬುದು ಹೀಲಿಯವರ ಆಶಯ.

ಸ್ತ್ರೀಯರಿಗೂ ಎದೆನೋವು ಬರುತ್ತದೆ, ಬರುವುದಿಲ್ಲವೆಂದಲ್ಲ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದ ನೋವು, ಓಕರಿಕೆ, ತಣ್ಣನೆಯ ಬೆವರು, ಹೇಳಲಾಗದ ಬಳಲಿಕೆ ಕಾಣಿಸುವುದು ಅವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯಿದ್ದರೆ ನೋವು ಮತ್ತಷ್ಟು ಮಸುಕು. ಗರ್ಭಿಣಿಯಾಗಿದ್ದಾಗ ಏರಿದ ರಕ್ತದೊತ್ತಡ, ಆಗ ಕಂಡ ಸಕ್ಕರೆ, ಅಕಾಲದಲ್ಲಿ ನಿಂತ ಮುಟ್ಟು, ಇವೆಲ್ಲ ಮುಂದಿನ ಹೃದ್ರೋಗದ ಮುನ್ಸೂಚನೆಗಳೆಂದು ಈಗ ಸಿದ್ಧವಾಗಿದೆ. ದೊಡ್ಡ ನಾಳಗಳು ತೆರೆದಿದ್ದರೂ ಸೂಕ್ಷ್ಮನಾಳಗಳ ದೋಷದಿಂದ ಹೃದಯ ಬಳಲುವುದೂ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುತ್ತದೆ. ಸೂಕ್ಷ್ಮ ಟ್ರೋಪೋನಿನ್ ಪರೀಕ್ಷೆಯಲ್ಲಿ ಸಹಜವೆನಿಸುವ ಗರಿಷ್ಠ ಅಂಕಿಯು ಸ್ತ್ರೀಯರಿಗೆ ಪುರುಷರಿಗಿಂತ ಕಡಿಮೆ. ಬಹು ಬಳಕೆಯ ಒಂದು ಪರೀಕ್ಷೆಯಲ್ಲಿ ಪುರುಷರಿಗೆ 34, ಸ್ತ್ರೀಯರಿಗೆ 16. ಗಂಡಸಿನ ಅಳತೆಗೋಲಿನಿಂದ ಅಳೆದರೆ ಹೆಂಗಸಿನ ಹೃದಯಾಘಾತವು ಸಹಜವೆಂದು ತೋರಬಹುದು. ಎದೆನೋವಿನ ಸಂಶಯವಿರುವವರಿಗೆ ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಸಂಶಯ ಉಳಿದರೆ ಪುನಃ ಆಗಬೇಕು, ರಕ್ತಪರೀಕ್ಷೆಯೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಆಗಬೇಕು ಎಂಬುದು ಸರ್ವಸಮ್ಮತ ವಿಧಿ. ಒಂದು ಇಸಿಜಿ ಸರಿಯಿದೆ ಎಂದಾಕ್ಷಣ ಹೃದಯ ಸರಿಯಿದೆ ಎಂದರ್ಥವಲ್ಲ.

ವಿಳಂಬವು ವೈದ್ಯರದು ಮಾತ್ರವೂ ಅಲ್ಲ. ಭಾರತದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೋವು ತೊಡಗಿ ಆಸ್ಪತ್ರೆ ಸೇರುವುದಕ್ಕೆ ಹಿಡಿದ ಮಧ್ಯಮ ಕಾಲವನ್ನು 360 ನಿಮಿಷವೆಂದು ದಾಖಲಿಸಿತು. ಆರು ಗಂಟೆ! ಗೆಡ್ಡೆ ಕರಗಿಸುವ ಔಷಧದಿಂದ ಹೆಚ್ಚಿನ ಪ್ರಯೋಜನವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಕಮಲಾಪುರದ ಮನೆಯಲ್ಲಿ ಗಂಡನಿಗೆ ಅರ್ಧ ಗಂಟೆ, ಹೆಂಡತಿಗೆ ಮೂರು ದಿನ. ಈ ಲೆಕ್ಕವನ್ನು ಯಜಮಾನರಿಗೆ ಯಾರೂ ಹೇಳಿಕೊಡಲಿಲ್ಲ. ಆಸ್ಪತ್ರೆಯ ಬಿಲ್ಲನ್ನು ಅಂಗಡಿಯ ಕಪಾಟಿನಲ್ಲಿಡಲು ಹೋದಾಗ ನೀಲಿ ಕಡತ ಕೈಗೆ ಬಂತು. ಅದನ್ನು ತೆರೆದು, ಗಿರಾಕಿಗಳು ಕಾಯುತ್ತಿದ್ದರೂ ಬಹಳ ಹೊತ್ತು ಹಾಗೆಯೇ ಕುಳಿತಿದ್ದರಂತೆ.

ನರ್ಸಿಂಗ್ ಹೋಮಿನಿಂದ ಕಾಗದಗಳನ್ನು ಕೇಳಿದಾಗ ಇಂದು ಬನ್ನಿ ನಾಳೆ ಬನ್ನಿ ಎಂಬ ಮಾತಾಯಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು, ರೋಗಿ ಕೇಳಿದಾಗ 72 ಗಂಟೆಗಳೊಳಗೆ ಒದಗಿಸಬೇಕು. ಹೊರರೋಗಿಗೆ ಇದು ಅನ್ವಯಿಸದು ಎಂದು ಅಲ್ಲಿಯ ವ್ಯವಸ್ಥಾಪಕರು ವಾದಿಸಿದರು. ವಕೀಲರ ಪತ್ರ ಹೋದ ಮೇಲೆ, 40ನೆಯ ದಿನ, ಪಟ್ಟಿಯ ಪ್ರತಿ ಬಂತು. ಎದೆಯ ಮುಂಭಾಗದ ಎರಡು ಮತ್ತು ಮೂರನೆಯ ಸ್ಥಾನಗಳಲ್ಲಿ ಮೇಲೇರಬೇಕಾದ ಟಿ ಅಲೆಯು ಆಳವಾಗಿ ಕೆಳಮುಖವಾಗಿತ್ತು. ಮುಂಭಾಗದ ದೊಡ್ಡ ನಾಳವು ಮುಚ್ಚುವ ಹಂತದಲ್ಲಿದೆ ಎಂಬುದಕ್ಕೆ ಈ ಗುರುತನ್ನು ಹಾಲೆಂಡಿನ ವೆಲೆನ್ಸ್ ಮತ್ತು ಸಂಗಡಿಗರು 1982ರಲ್ಲಿಯೇ ವಿವರಿಸಿದ್ದಾರೆ. ನೋವು ಇಲ್ಲದ ವೇಳೆಯಲ್ಲಿಯೇ ಈ ಗುರುತು ಸ್ಪಷ್ಟವಾಗಿ ಕಾಣುವುದು ಅದರ ವೈಚಿತ್ರ್ಯ. ಪಟ್ಟಿಯ ಮೇಲೆ ಯಾರ ಸಹಿಯೂ ಇರಲಿಲ್ಲ.

ಈಗ ಸಮಾಜದಲ್ಲಿ ಮಾತು ಎದ್ದಿತು. ವೈದ್ಯರು ಸಜ್ಜನರು, ಬಡವರಿಂದ ಹಣ ಪಡೆಯದವರು, ಬಸದಿಯ ಜೀರ್ಣೋದ್ಧಾರಕ್ಕೆ ಕೈಬಿಚ್ಚಿ ಕೊಟ್ಟವರು. ಅದೆಲ್ಲವೂ ಸತ್ಯ. ಕ್ಷಮೆಯೇ ಪರ್ವದ ಸಾರವಲ್ಲವೇ, ಕೋರ್ಟು ಕಚೇರಿ ನಮ್ಮವರಿಗೆ ಶೋಭಿಸುವುದೇ ಎಂದು ಹಿರಿಯರಿಬ್ಬರು ಕಮಲಾಪುರಕ್ಕೇ ಬಂದು ಬುದ್ಧಿ ಹೇಳಿದರು. ಯಜಮಾನರಿಗೂ ಹಿಂಜರಿಕೆ. ತಮ್ಮದೇ ತಪ್ಪಿನ ಭಾರವಿದ್ದವನಿಗೆ ಪರರ ತಪ್ಪಿನ ಕಡೆ ಬೆರಳು ತೋರಿಸುವುದು ಕಷ್ಟ. ದಿಂಬಿಗೊರಗಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಆ ತಾಯಿ ಕಡೆಗೆ ಇಷ್ಟೇ ಅಂದರು: “ಕ್ಷಮಾ ಬ್ಯಾರೆ, ಲೆಕ್ಕ ಬ್ಯಾರೆ ಅಲ್ಲೇನ್ರಿ? ಅಂಗಡ್ಯಾಗ ಬಾಕಿ ಬಿಟ್ಟುಕೊಟ್ರೂ ಖಾತೆದಾಗ ಬರೀತೀರಿಲ್ಲ.” ಹಿರಿಯರಿಗೆ ಉತ್ತರ ತೋಚಲಿಲ್ಲ.

ಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಅವರ ಮಾತು ಸಡಿಲವಾದುದಲ್ಲ. ಉಮಾಸ್ವಾಮಿಗಳು ಹಿಂಸೆಗೆ ಕೊಟ್ಟ ಲಕ್ಷಣದಲ್ಲಿ ಪ್ರಾಣಕ್ಕೆ ಒದಗಿದ ಹಾನಿಗಿಂತ ಮೊದಲು ಬರುವುದು ಪ್ರಮಾದ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನೇ ಎರಡು ಕಡೆಯಿಂದ ಬಿಡಿಸಿ ತೋರಿಸುತ್ತಾರೆ: ರಾಗಾದಿಗಳಿಲ್ಲದೆ ಎಚ್ಚರದಿಂದ ನಡೆಯುವವನಿಂದ ಆಕಸ್ಮಿಕವಾಗಿ ಜೀವಹಾನಿಯಾದರೆ ಅದು ಹಿಂಸೆಯಲ್ಲ; ಪ್ರಮಾದವಶನಾಗಿ ನಡೆಯುವವನಿಗೆ ಜೀವ ಸಾಯಲಿ ಸಾಯದಿರಲಿ ಹಿಂಸೆ ತಪ್ಪಿದ್ದಲ್ಲ. ವಿಚಿತ್ರವೆಂದರೆ ನ್ಯಾಯಾಲಯಗಳೂ ಬಹಳಷ್ಟು ಈ ಗೆರೆಯ ಹತ್ತಿರವೇ ಬಂದು ನಿಂತಿವೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ತಕ್ಕ ಎಚ್ಚರ ವಹಿಸಿದ ವೈದ್ಯನ ನಿರ್ಣಯದ ದೋಷವು ನಿರ್ಲಕ್ಷ್ಯವೆನಿಸದು ಎಂದಿತು. ಕ್ರಿಮಿನಲ್ ಮೊಕದ್ದಮೆಗಾದರೆ ಅತ್ಯಂತ ಗುರುತರ ನಿರ್ಲಕ್ಷ್ಯವೇ ಬೇಕು. ಪರೀಕ್ಷೆ ಮಾಡಿಸಿ, ಯೋಚಿಸಿ, ತಪ್ಪು ತೀರ್ಮಾನಕ್ಕೆ ಬಂದವನು ಒಬ್ಬ. ಪರೀಕ್ಷೆಯನ್ನೇ ಮಾಡಿಸದೆ, ಮುರಿದ ಸಂಬಂಧದ ಸುದ್ದಿ ಕೇಳಿ ನಿದ್ರೆಯ ಮಾತ್ರೆ ಬರೆದವನು ಮತ್ತೊಬ್ಬ. ಮೊದಲನೆಯವನನ್ನು ಕಟಕಟೆಗೆ ಎಳೆದರೆ ವೈದ್ಯವೃತ್ತಿಯೇ ಉಳಿಯದು. ಎರಡನೆಯವನನ್ನು ಸಜ್ಜನನೆಂಬ ಕಾರಣಕ್ಕೆ ಬಿಟ್ಟರೆ ನಾಳೆ ಮತ್ತೊಬ್ಬ ತಾಯಿಗೆ ಅದೇ ಮಾತ್ರೆ.

ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರ ನವೆಂಬರಿನಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಧರ್ಮಾರ್ಥ ದವಾಖಾನೆ ನಡೆಸುವ ಟ್ರಸ್ಟುಗಳು ಅದರ ಒಂದು ಅಂಶವನ್ನು ಗಮನಿಸತಕ್ಕದ್ದು: ಎಲ್ಲರಿಗೂ ಪೂರ್ಣ ಉಚಿತವಾಗಿ ನಡೆಯುವ ಸೇವೆಗೆ ಆ ಕಾನೂನು ತಾಗದು; ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವಲ್ಲಿ, ಉಚಿತ ರೋಗಿಗೂ ದೂರುವ ಹಕ್ಕುಂಟು. ಔಷಧದಾನವೆಂದು ಕರೆದುಕೊಂಡ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ. ಪ್ರತಿ ದೂರಿಗೂ ತಜ್ಞ ವೈದ್ಯರ ಸಾಕ್ಷ್ಯ ಬೇಕೇ ಬೇಕೆಂಬ ಅಡ್ಡಿಯನ್ನು 2010ರಲ್ಲಿ ಕಿಷನ್ ರಾವ್ ಎಂಬವರ ಪ್ರಕರಣ ತೆಗೆಯಿತು. ಅವರ ಪತ್ನಿಗೆ 2002ರಲ್ಲಿ ಬಂದದ್ದು ಮಲೇರಿಯಾ, ಆಸ್ಪತ್ರೆ ಕೊಟ್ಟದ್ದು ಟೈಫಾಯಿಡ್ ಚಿಕಿತ್ಸೆ, ಆಕೆ ಉಳಿಯಲಿಲ್ಲ. ಕಿಷನ್ ರಾವ್ ಸ್ವತಃ ಮಲೇರಿಯಾ ಇಲಾಖೆಯ ಅಧಿಕಾರಿ. ಜಿಲ್ಲಾ ವೇದಿಕೆ ಕೊಟ್ಟ 2 ಲಕ್ಷ ರೂಪಾಯಿಯ ಪರಿಹಾರವು ಮೇಲಿನ ಎರಡು ಮೆಟ್ಟಿಲುಗಳಲ್ಲಿ ತಳ್ಳಿಹೋಗಿ, ಸುಪ್ರೀಂ ಕೋರ್ಟಿನಲ್ಲಿ ಪುನಃ ಸ್ಥಾಪಿತವಾಗುವಾಗ ಎಂಟು ವರ್ಷ ಸಂದಿತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರಿಗೆ ಎರಡು ವರ್ಷಗಳ ಅವಧಿ. ಕಲಬುರಗಿಯ ಜಿಲ್ಲಾ ಆಯೋಗದಲ್ಲಿ ದೂರು ದಾಖಲಾದದ್ದು 2023ರ ಏಪ್ರಿಲಿನಲ್ಲಿ. ದೂರುದಾರರು ಯಜಮಾನರಲ್ಲ, ಆ ತಾಯಿಯೇ. ಕೇಳಿದ್ದು ಚಿಕಿತ್ಸೆಯ ಖರ್ಚು, ಮತ್ತು ಅಂದು ನಡೆದುದರ ಲಿಖಿತ ವಿವರ. ಕೋಟಿ ಕೇಳಬೇಕಿತ್ತು ಎಂದು ಸಲಹೆ ಕೊಟ್ಟವರಿಗೆ ಕೊರತೆಯಿರಲಿಲ್ಲ.

ಆ ವರ್ಷದ ಕ್ಷಮಾವಣಿಯಂದು ವೈದ್ಯರು ತಾವಾಗಿ ಕಮಲಾಪುರಕ್ಕೆ ಬಂದರು. ವಕೀಲರು ಬೇಡವೆಂದಿದ್ದರು ಎಂಬುದು ಆಮೇಲೆ ತಿಳಿದ ಸಂಗತಿ. ಕೈಮುಗಿದು ನಿಂತರು, ಮಾತು ಹೊರಡಲಿಲ್ಲ. ಆ ತಾಯಿಯೂ ಕೈಮುಗಿದರು. “ಕ್ಷಮಾ ಅಂದೇ ಮಾಡೀನಿ ಡಾಕ್ಟರ್ ಸಾಹೇಬ್ರ. ಆದರ ಆ ಚೀಟಿದಾಗ ನಂಗ ಆತಂಕ ಅಂತ ಬರ್ದೀರಿ. ಅದು ಸುಳ್ಳದ. ಏನಾಗಿತ್ತು ಅಂತ ಖರೇದ್ದು ಬರ್ದು ಕೊಡ್ರಿ.” ಹಳೆಯ ಚೀಟಿಯನ್ನು ತಿದ್ದುವಂತಿಲ್ಲ, ಬೇರೊಂದು ಕಾಗದ ಬರೆಯಬಹುದು ಎಂದರು ವೈದ್ಯರು. ಬರೆದು ಕಳಿಸಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ಇಸಿಜಿಯನ್ನು ತಾವು ಸರಿಯಾಗಿ ಪರಿಶೀಲಿಸಲಿಲ್ಲ, ರಕ್ತಪರೀಕ್ಷೆ ಮಾಡಿಸಲಿಲ್ಲ, ಅದೇ ಲಕ್ಷಣಗಳೊಂದಿಗೆ ಯಜಮಾನರು ಬಂದಿದ್ದರೆ ರಾತ್ರಿ ಇರಿಸಿಕೊಳ್ಳುತ್ತಿದ್ದೆ ಎಂದು ಒಂದೂವರೆ ಪುಟದಲ್ಲಿ ಸ್ವಹಸ್ತದಿಂದ ಬರೆದಿದ್ದರು. ಆ ಕಡೆಯ ವಾಕ್ಯವನ್ನು ಯಾವ ಕಾನೂನೂ ಅವರಿಂದ ಬರೆಸಲಾರದಿತ್ತು. ಚಿಕಿತ್ಸೆಯ ಖರ್ಚನ್ನು ತೆತ್ತ ಮೇಲೆ, 2024ರ ಆರಂಭದಲ್ಲಿ ಉಭಯ ಪಕ್ಷಗಳೂ ರಾಜಿಯನ್ನು ಆಯೋಗಕ್ಕೆ ತಿಳಿಸಿದವು.

ಅಷ್ಟರಲ್ಲಿ ಕೆಲವು ವ್ಯವಸ್ಥೆಗಳೂ ಬದಲಾಗಿವೆ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ತಿಳಿಸುವ, ಗೆಡ್ಡೆ ಕರಗಿಸುವ ಬೆಲೆಬಾಳುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡಾಯಿತು. 2024ರ ಡಿಸೆಂಬರ್ 22ರಂದು ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಆ ಸಂಖ್ಯೆಯ ಅರ್ಥವನ್ನು ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದ ಕರ್ತೃ ಉಗ್ರಾದಿತ್ಯಾಚಾರ್ಯರು ಔಷಧಕ್ಕೆ ಮಾಂಸ ಅನಗತ್ಯವೆಂದು ವಾದಿಸಿ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಾದವು. ಹೊಸ ಆಸ್ಪತ್ರೆಯಾದರೂ ಬಾಗಿಲಿಗೆ ಬಂದವರನ್ನು ಮಾತ್ರ ಉಳಿಸಬಲ್ಲದು. ಅಟ್ಟದ ಮೆಟ್ಟಿಲ ಮೇಲೆ ಕುಳಿತು ಬೆವರುವವರನ್ನು ಕಾರಿಗೆ ಹತ್ತಿಸಬೇಕಾದವರು ಮನೆಯವರು.

ಈಚೆಗೆ ನಗರದಲ್ಲಿ ಪರ್ವದ ಮರುವಾರ ಟ್ರಸ್ಟಿನವರು ಹೃದಯ ತಪಾಸಣೆಯ ಶಿಬಿರವೊಂದನ್ನು ಏರ್ಪಡಿಸಿದ್ದರು. ಮಧ್ಯಾಹ್ನದವರೆಗೆ ಸಾಲಿನಲ್ಲಿದ್ದವರೆಲ್ಲ ಗಂಡಸರೇ. ಹೆಂಗಸರು ಹಿಂದಿನ ಅಡುಗೆಮನೆಯಲ್ಲಿ ಶಿಬಿರಾರ್ಥಿಗಳ ಊಟದ ಸಿದ್ಧತೆಯಲ್ಲಿದ್ದರು. ಸೂರ್ಯಾಸ್ತದೊಳಗೆ ಎಲ್ಲರ ಊಟ ಮುಗಿಯಬೇಕಷ್ಟೆ. ಕಮಲಾಪುರದಿಂದ ಬಂದಿದ್ದ ಆ ತಾಯಿ ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತ ಅಡುಗೆಮನೆಯವರೆಗೆ ನಡೆದರು. ಒಲೆಯ ಅನಿಲವನ್ನು ತಾವೇ ತಿರುಗಿಸಿ ಆರಿಸಿದರು. “ಮೊದ್ಲ ಅಲ್ಲಿ ಹೋಗಿ ಬರ್ರಿ. ಅನ್ನ ಎಲ್ಲೂ ಓಡಿ ಹೋಗಲ್ಲ.” ಊಟ ಒಂದು ಗಂಟೆ ತಡವಾಯಿತು. ಟ್ರಸ್ಟಿನ ಕಾರ್ಯದರ್ಶಿಗಳು ಕೊಂಚ ಅಸಮಾಧಾನಗೊಂಡರೆಂದು ಕೇಳಿದೆ. ಅಡುಗೆಯವರಲ್ಲಿ ಇಬ್ಬರನ್ನು ಅಂದೇ ಹೆಚ್ಚಿನ ಪರೀಕ್ಷೆಗೆ ಕಳಿಸಲಾಯಿತು.